ನನ್ನ ಪತ್ರಿಕೆ, ಮೇಡಂ ಹೆಸರು

ಹೋದ ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಕಳ್ಳನಾದೆ. ವಯಸ್ಸು ಎಪ್ಪತ್ತೊಂದು. ಕದ್ದ ಮಾಲು ಹತ್ತನೇ ತರಗತಿಯ ಗಣಿತದ ಮಾದರಿ ಪ್ರಶ್ನೆಪತ್ರಿಕೆ. ಅದನ್ನು ಬರೆದವನು? ನಾನೇ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಗಣಿತ ಮೇಷ್ಟ್ರುಗಳದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ನಿವೃತ್ತನಾದರೂ ನನ್ನನ್ನು ಅದರಿಂದ ತೆಗೆದಿಲ್ಲ (ಮರೆತಿರಬೇಕು). ಎರಡು ವರ್ಷದ ಹಿಂದೆ ಐದು ಮಾದರಿ ಪತ್ರಿಕೆಗಳನ್ನು ಉತ್ತರಗಳ ಸಮೇತ ಟೈಪ್ ಮಾಡಿ, ಸಾಗರದ ಮೂರ್ನಾಲ್ಕು ಮೇಷ್ಟ್ರುಗಳಿಗೆ ಉಚಿತವಾಗಿ ಕಳಿಸಿದ್ದೆ. ಪರೀಕ್ಷೆ ಹತ್ತಿರ ಬಂತಲ್ಲ, ಎಲ್ಲರಿಗೂ ಸಿಗಲಿ ಎಂದು ಅವನ್ನು ಗ್ರೂಪಿಗೂ ಹಾಕಿದೆ.

ಐದೇ ನಿಮಿಷ. ಡಿಲೀಟ್! ಕೆಳಗೆ ಅಡ್ಮಿನ್ ಸೂಚನೆ: 'ಬೇರೆಯವರು ಮಾಡಿದ್ದನ್ನು ಅನುಮತಿ ಇಲ್ಲದೆ ಹಾಕಬೇಡಿ.'

ಅಡ್ಮಿನ್ ತೀರ್ಥಹಳ್ಳಿಯ ಶೇಖರಪ್ಪ. ಮೌಲ್ಯಮಾಪನ ಕೇಂದ್ರದಲ್ಲಿ ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ತಿದ್ದಿದವರು. ಫೋನ್ ಮಾಡಿದೆ.

"ಎಂತ ಮಾರಾಯ್ರೆ, ನಿಮ್ಮಂಥೋರೇ ಹಿಂಗೆ ಮಾಡಿದ್ರೆ ಹೆಂಗೆ? ಅದು ಹೊಸನಗರದ ಸುಮಿತ್ರಾ ಮೇಡಂದು."

"ಅದು ನಂದು ಕಣ್ರೀ!"

"ಹೌದಾ? ಹೆಸರು ಎಲ್ಲಿದೆ ತೋರ್ಸಿ ನೋಡಣ."

ತೋರಿಸುವುದೇನು? ಇರಲಿಲ್ಲ.

ನಮ್ಮ ಕಾಲದ ಮೇಷ್ಟ್ರುಗಳಿಗೆ ಇದು ಅರ್ಥವಾಗುತ್ತದೆ. ಪ್ರಶ್ನೆಪತ್ರಿಕೆ ತೆಗೆದವರು ಯಾರು ಎಂಬುದು ಗುಟ್ಟು. ಪತ್ರಿಕೆಯ ಮೇಲೆ ತರಗತಿ ಇರಬೇಕು, ವಿಷಯ ಇರಬೇಕು, ಸಮಯ ಇರಬೇಕು, ಅಂಕ ಇರಬೇಕು. ಹೆಸರು ಮಾತ್ರ ಇರಬಾರದು. ಮೂವತ್ತು ವರ್ಷ ಹಾಗೆ ಬರೆದ ಕೈ ನಿವೃತ್ತಿಯಾದ ಮೇಲೂ ಶಿಸ್ತು ಬಿಡಲಿಲ್ಲ. ಯಾರಿಂದಲೂ ಮುಚ್ಚಿಡಬೇಕಾಗಿಲ್ಲದ ಪತ್ರಿಕೆಯಲ್ಲೂ ನನ್ನನ್ನು ನಾನೇ ಮುಚ್ಚಿಟ್ಟಿದ್ದೆ.

ಶೇಖರಪ್ಪ ಕಳಿಸಿದ ಪಿಡಿಎಫ್ ತೆರೆದೆ. ಅದೇ ಐದು ಪತ್ರಿಕೆಗಳು. ಮುಖಪುಟದಲ್ಲಿ 'ರಚನೆ: ಸುಮಿತ್ರಾ', ಅದರ ಕೆಳಗೆ ಮೊಬೈಲ್ ನಂಬರ್. ಸಾಲದ್ದಕ್ಕೆ ಪ್ರತಿ ಪುಟದಲ್ಲೂ ಅಡ್ಡಕ್ಕೆ ಮಸುಕಾಗಿ ಅದೇ ಹೆಸರು. ಶುಕ್ರವಾರ ಪ್ರಿಂಟಿಗೆ ಹೋಗುತ್ತದಂತೆ. ಮೂರೂ ತಾಲ್ಲೂಕಿನ ಮಕ್ಕಳ ಕೈಗೆ!

"ನಿಮ್ಮ ಲೆಕ್ಕನ ಕದಿಯೋರೂ ಇದಾರೆ ಅಂತ ಗೊತ್ತಿರ್ಲಿಲ್ಲ ಬಿಡಿ" ಎಂದಳು ಹೆಂಡತಿ. ಹೊಗಳಿದಳೋ ತೆಗಳಿದಳೋ ಕೇಳಲಿಲ್ಲ.

ನೀವೇ ಹೇಳಿ. ಉಚಿತವಾಗಿ ಕೊಟ್ಟೆ ಎಂದರೆ ಹೆಸರನ್ನೂ ಕೊಟ್ಟೆ ಎಂದೇ? ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟವರು ಬೆಳಕೇ ಕಾಣದಷ್ಟು ದೊಡ್ಡದಾಗಿ ಅದರ ಮೇಲೆ ಹೆಸರು ಬರೆಸುತ್ತಾರೆ. ಯಾರೂ ಅಳಿಸುವುದಿಲ್ಲ. ಬರಹಕ್ಕೆ ಮಾತ್ರ ಯಾಕೆ ಈ ಗತಿ? (ಬೆಳಿಗ್ಗೆ ನೀವು ಫಾರ್ವರ್ಡ್ ಮಾಡಿದ ಆ ಚಂದದ ಸಾಲುಗಳು ಯಾರವು? ಹುಡುಕಿದ್ರಾ?)

ಮರುದಿನ ಬಸ್ ಹತ್ತಿ ಹೊಸನಗರಕ್ಕೆ ಹೋದೆ. ಚೀಲದಲ್ಲಿ ನನ್ನ ಕರಡು ನೋಟ್‌ಬುಕ್. ಐದೂ ಪತ್ರಿಕೆ, ತಾರೀಖು ಸಮೇತ. ಶಾಲೆ ಬಿಡುವವರೆಗೆ ಕಾದೆ. ಸುಮಿತ್ರಾ ಮೇಡಂಗೆ ಮೂವತ್ತು ದಾಟಿರಲಾರದು. ಸ್ಟಾಫ್‌ರೂಮಿನಲ್ಲಿ ಕೂರಿಸಿ, ನೋಟ್‌ಬುಕ್ ತೆಗೆದುಕೊಂಡು ಪುಟ ಪುಟ ತಿರುವಿದರು. ಮುಖ ಸಣ್ಣದಾಯಿತು.

"ತಪ್ಪಾಯ್ತು ಸರ್. ನಂಗೆ ಬಂದಾಗ ಹೆಸರೇ ಇರ್ಲಿಲ್ಲ. ಇದು ಯಾರದ್ದು ಅಂತ ಸುಮಾರು ಜನನ್ನ ಕೇಳ್ದೆ. ಯಾರೂ ಹೇಳ್ಲಿಲ್ಲ."

"ಯಾರದ್ದು ಅಂತ ಗೊತ್ತಿಲ್ಲದಿದ್ರೆ ನಿಮ್ದು ಅಂತ ಹಾಕೋದಾ?"

"ಮಕ್ಳಿಗೆ ಡೌಟ್ ಬಂದ್ರೆ ಯಾರನ್ನ ಕೇಳ್ಬೇಕು ಸರ್? ಅದಕ್ಕೆ ನಂಬರ್ ಹಾಕ್ದೆ. ನಂಬರ್ ಜೊತೆ ಹೆಸರು ಬಂತು, ಹೆಸರಿನ ಜೊತೆ ರಚನೆನೂ ಬಂತು. ಅದು ಆಸೆ, ಸುಳ್ಳು ಹೇಳಲ್ಲ." ನೋಟ್‌ಬುಕ್‌ನಲ್ಲಿ ಒಂದು ಪುಟ ತೆಗೆದು ಕೇಳಿದರು, "ಸರ್, ಮೂರನೇ ಪತ್ರಿಕೆ ಹದಿನೇಳನೇ ಪ್ರಶ್ನೆದು ಉತ್ತರ ನೀವೇ ಬರೆದಿದ್ದಾ?"

"ಎಲ್ಲಾ ನಾನೇ!" ಎಂದೆ, ಎದೆಯುಬ್ಬಿಸಿ.

"ಒಂದ್ಸಲ ನೋಡಿ."

ಮೇಗರವಳ್ಳಿಯಲ್ಲಿ ಒಂದು ವಾರ ಸುರಿದ ಮಳೆ. ಏಳು ದಿನದ ಅಂಕಿ ಕೊಟ್ಟು ಸರಾಸರಿ ಕೇಳಿದ್ದೆ. ಒಟ್ಟು ನಾನೂರ ಇಪ್ಪತ್ತು ಮಿಲಿಮೀಟರ್. ಉತ್ತರ ಅರವತ್ತು ಬರಬೇಕು. ನಾನು ಬರೆದದ್ದು ಎಪ್ಪತ್ತು. ಅಂದರೆ ಆರರಿಂದ ಭಾಗಿಸಿದ್ದೇನೆ! ಭಾನುವಾರ ಶಾಲೆಗೆ ರಜ. ವೇಳಾಪಟ್ಟಿಗೆ ಒಗ್ಗಿದ ನನ್ನ ತಲೆ ಮೇಗರವಳ್ಳಿಯ ಮಳೆಗೂ ರಜ ಕೊಟ್ಟುಬಿಟ್ಟಿತ್ತು.

"ಎರಡು ವರ್ಷದಿಂದ ನಮ್ಮ ಮಕ್ಳಿಗೆ ಇದನ್ನೇ ಕೊಡ್ತಿದೀನಿ. ಇದೊಂದಕ್ಕೇ ಎಷ್ಟು ಫೋನ್ ಬಂತು ಗೊತ್ತಾ ಸರ್? ಒಬ್ಳು ಹುಡುಗಿ ಅಂತೂ, 'ಮಿಸ್, ನಿಮ್ಗೆ ವಾರಕ್ಕೆ ಎಷ್ಟು ದಿನ?' ಅಂದ್ಳು. ಬೈಸ್ಕೊಂಡೆ. ಆಮೇಲೆ ಐದೂ ಪತ್ರಿಕೆ ಮತ್ತೆ ಬಿಡಿಸ್ದೆ. ಇನ್ನೂ ಎರಡು ಸಿಕ್ತು. ಪ್ರಿಂಟಿನದ್ರಲ್ಲಿ ಸರಿ ಮಾಡಿದೀನಿ."

ನನ್ನ ಹೆಸರು ಇಲ್ಲವೆಂದು ಎರಡು ದಿನದಿಂದ ನಾನು ಸಿಟ್ಟಾಗಿದ್ದೆ. ಎರಡು ವರ್ಷ ನನ್ನ ತಪ್ಪಿಗೆ ಈ ಹೆಣ್ಣುಮಗಳು ಉತ್ತರ ಹೇಳಿದ್ದರು.

ಮೇಡಂ ಲ್ಯಾಪ್‌ಟಾಪ್ ತೆರೆದರು. ನನ್ನೆದುರೇ ತಮ್ಮ ಹೆಸರು ಅಳಿಸಿ ನನ್ನದು ಬರೆದರು. ದಪ್ಪಕ್ಷರದಲ್ಲಿ. ಆಮೇಲೆ ಸಂಕೋಚದಿಂದ ಕೇಳಿದರು, "ಕೆಳಗೆ, 'ತಪ್ಪು ತಿದ್ದಿದವರು' ಅಂತ ನನ್ನ ಹೆಸರು ಹಾಕ್ಲಾ ಸರ್?"

ಹಾಕಿದರೆ ಮೂರು ತಾಲ್ಲೂಕಿಗೂ ತಿಳಿಯುತ್ತದೆ, ತಪ್ಪುಗಳು ಯಾರವೆಂದು.

ಹಾಕಿ ಎಂದೆ. ಆದರೆ ನನ್ನ ಹೆಸರಿಗಾಗಿ ಅಷ್ಟು ದೂರ ಬಂದವನಿಗೆ, ಆ ಒಂದು ಮಾತು ಹೇಳಲು ಎರಡು ಲೋಟ ನೀರು ಯಾಕೆ ಬೇಕಾಯಿತು?