ಅನಿಲಕುಮಾರನ ಡಗ್ಗಾ ಯಾಕೆ ಕೇಳುವುದಿಲ್ಲ

ಮಹಾನಗರದ ಅಂಚಿನ ಘಣಸೋಲಿಯ ಹಳೇ ಊರಿನೊಳಗೆ, ಹತ್ತಡಿಗೆ ಹತ್ತಡಿಯ ಒಂದು ಬಾಡಿಗೆ ಖೋಲಿಯಲ್ಲಿ, ಸೈದಪ್ಪ ಮೂರು ತಿಂಗಳಿಂದ ಎರಡು ಸ್ಪೀಕರುಗಳ ಜೊತೆ ಜಗಳವಾಡುತ್ತಿದ್ದ. ಕಲಬುರಗಿ ಕಡೆಯವನು. ವಾಶಿ ಮಾರ್ಕೆಟ್ಟಿನಲ್ಲಿ ದಿನವಿಡೀ ಈರುಳ್ಳಿ ಚೀಲ ಹೊತ್ತು ಬಂದು, ಕೈಕಾಲು ತೊಳೆಯುವ ಮೊದಲೇ ವೈರು ಕಿತ್ತು ಮತ್ತೆ ಜೋಡಿಸುತ್ತಿದ್ದ. "ಸೈದಪ್ಪ ಡಿಜೆ ಆಗ್ಲತ್ತಾನ" ಎಂದು ಓಣಿಯವರು ನಗುತ್ತಿದ್ದರು.

ಅವನಿಗೆ ಬೇಕಿದ್ದದ್ದು ಒಂದೇ: ಸತ್ತ ಮಗನ ಡಗ್ಗಾದ ದನಿ.

ಅನಿಲಕುಮಾರ ಇದೇ ಖೋಲಿಯಲ್ಲಿ ನಡೆಯುತ್ತಿದ್ದ ಸೋಮವಾರದ ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದ. ಬಲಗೈಯ ಚುರುಕು ಹಲವರಿಗೆ ಬಂದೀತು, ಎಡಗೈ ಡಗ್ಗಾದಿಂದ ಎದೆಯೊಳಗೆ ಇಳಿಯುವ ಆ ದಪ್ಪ ಗುಮುಕಿ ಅವನೊಬ್ಬನದೇ ಎಂದು ಭಜನೆಯವರು ಈಗಲೂ ಹೇಳುತ್ತಾರೆ. ಮಾಜಿವಾಡಾದ ಒಂದು ಹೊಸ ಟವರಿನಲ್ಲಿ ಸೀಲಿಂಗ್ ಕೆಲಸಕ್ಕೆ ಹೋದವನು ಬಾಗಿಲಿಲ್ಲದ ಲಿಫ್ಟಿನ ಗುಂಡಿಗೆ ಬಿದ್ದ. ಇಪ್ಪತ್ತೆರಡು ವರ್ಷ. ಅಡ್ಡಲಾಗಿ ಒಂದು ಹಲಗೆ ಕಟ್ಟಿದ್ದರೆ ಸಾಕಿತ್ತು. ಕಟ್ಟಲಿಲ್ಲ. ಅವನು ಅಂದು ಸೀಲಿಂಗ್ ಹಾಕುತ್ತಿದ್ದ ಕೋಣೆ ಯಾವುದು ಗೊತ್ತೇ? ಹೋಮ್ ಥಿಯೇಟರ್. ಮಾಲೀಕರು ಎಷ್ಟು ಜೋರಾಗಿ ಹಾಡು ಹಾಕಿದರೂ ಪಕ್ಕದವರಿಗೆ ಕೇಳಬಾರದೆಂದು ಅಲ್ಲಿ ಗೋಡೆಗೂ ಮೆತ್ತೆ.

ಉಳಿದದ್ದು ತಂಗಿ ಕಾಂಚನಾ ಮೊಬೈಲಿನಲ್ಲಿ ಹಿಡಿದಿಟ್ಟ ಒಂದೇ ಭಜನೆ. ಅದರಲ್ಲಿ ಹಾರ್ಮೋನಿಯಂ ಇದೆ, ತಾಳ ಇದೆ, ತಾಯಿ ಚಂದ್ರಬಾಯಿಯ ಕಂಠ ಇದೆ. ಡಗ್ಗಾ ಮಾತ್ರ ಎಲ್ಲೋ ದೂರದಲ್ಲಿ ಯಾರೋ ದಿಂಬು ತಟ್ಟಿದ ಹಾಗೆ.

ಸೈದಪ್ಪ ಡೊಂಬಿವಲಿಯಲ್ಲಿ ಸ್ಪೀಕರ್ ರಿಪೇರಿ ಮಾಡುವ ಉಡುಪಿಯ ಜಯಶೀಲನಿಗೆ ಫೋನ್ ಹಚ್ಚಿದ.

"ಕೆಂಪು ವೈರು ಎರಡೂ ಕಡೆ ಕೆಂಪಿಗೇ ಕೊಟ್ಟಿದ್ದೀರಲ್ಲ? ಒಂದು ಉಲ್ಟಾ ಆದ್ರೆ ಒಂದು ಸ್ಪೀಕರು ದೂಡುವಾಗ ಇನ್ನೊಂದು ಎಳೀತದೆ ಮಾರಾಯ್ರೆ. ಬೇಸ್ ಸತ್ತೇ ಹೋಗ್ತದೆ."

ನೋಡಿದರೆ ಒಂದು ಉಲ್ಟಾ ಇತ್ತು. ಸರಿ ಮಾಡಿದ ಮೇಲೆ ಬೇರೆ ಹಾಡುಗಳು ತುಂಬಿಕೊಂಡವು. ಮಗನದು ಹಾಗೆಯೇ ಉಳಿಯಿತು.

"ಹಾಗಾದ್ರೆ ಮೂಲೆಗೆ ಇಟ್ಟು ನೋಡಿ. ಸಣ್ಣ ಕೋಣೆಯಲ್ಲಿ ದಪ್ಪ ಸದ್ದಿಗೆ ಮೂಲೆಯಲ್ಲೇ ಬಲ. ನೀವೂ ನಡುವೆ ಕೂರಬೇಡಿ, ಗೋಡೆಗೆ ತಾಗಿ ಕೂರಿ."

ಮೂಲೆಯಲ್ಲಿ ಟ್ರಂಕಿನ ಮೇಲೆ ಕೌದಿಗಳ ಒಟ್ಟಿಲು. ಎಲ್ಲಕ್ಕಿಂತ ಮೇಲಿನದು ಅನಿಲಕುಮಾರ ಆ ಕೊನೆಯ ಬೆಳಿಗ್ಗೆ ಹೊದ್ದೆದ್ದು ತಾನೇ ಮಡಿಚಿಟ್ಟು ಹೋದದ್ದು.

"ಅದಕ್ ಕೈ ಹಚ್ಚಬ್ಯಾಡ್ರಿ" ಎಂದಳು ಚಂದ್ರಬಾಯಿ.

"ನಿನಗ ಕೌದಿ ಬೇಕೋ, ಅವನ ಸಪ್ಪಳ ಬೇಕೋ?"

"ಅಪ್ಪಾ, ರೆಹನೇ ದೋ ನಾ" ಎಂದಳು ಕಾಂಚನಾ. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡಕ್ಕೆಲ್ಲ ಹಿಂದಿಯಲ್ಲೇ ಉತ್ತರ. ಸೈದಪ್ಪ ವೈರಿಗೆ ಕೈ ಹಾಕಿದಾಗಲೆಲ್ಲ ಅವಳದು ಇದೇ 'ಬಿಟ್ಟುಬಿಡು' ಎಂಬ ಮಾತು.

ಒಂದು ವಾರ ಕಳೆದ ಮೇಲೆ ಚಂದ್ರಬಾಯಿಯೇ ಆ ಕೌದಿಯನ್ನು ಮಡಿಕೆ ಸಡಿಲಾಗದಂತೆ ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಹಚ್ರಿ" ಎಂದಳು.

ಸ್ಪೀಕರು ಮೂಲೆ ಸೇರಿತು. ಯಾವುದೋ ಹಾಡಿಗೆ ಹಲಗೆಯ ಮೇಲಿನ ಡಬ್ಬಿಗಳು ಗಡಗಡ ನಡುಗಿದವು. ಮಗನ ಭಜನೆಗೆ ಒಂದು ಚಮಚವೂ ಅಲುಗಲಿಲ್ಲ.

ಭಾನುವಾರ ಜಯಶೀಲನೇ ಬಂದ. ಅದೇ ಓಣಿಯಲ್ಲಿರುವ ನಾನೂ ಅಲ್ಲಿದ್ದೆ. ಮೂರು ಸಲ ಕೇಳಿ ಆತ ತಲೆ ತಗ್ಗಿಸಿದ. "ಸ್ಪೀಕರಿನ ತಪ್ಪಲ್ಲ ಸೈದಪ್ಪಣ್ಣ. ರೆಕಾರ್ಡಿಂಗಲ್ಲೇ ಇಲ್ಲ ಅದು. ಇಲ್ಲದ್ದನ್ನು ನಾನು ಎಲ್ಲಿಂದ ತರುದು? ಶುರುವಲ್ಲಿ ಕಟ್ ಮಾಡಿದ ಹಾಗುಂಟು. ಪೂರ್ತಿಯದ್ದು ಇದೆಯಾ?"

ಕಾಂಚನಾ ನೆಲ ನೋಡಿದಳು. ಅವತ್ತು ಅವಳು ಕನ್ನಡದಲ್ಲಿ ಮಾತಾಡಿದಳು. "ಅದ. ಮೊದಲಿನ ತುಂಡು ನಾನೇ ಕತ್ತರಿಸೀನಿ."

ಹಚ್ಚಿದಳು. ಮೂಲೆಯಿಂದ ಮೊದಲು ಬಂದದ್ದು ಸೈದಪ್ಪನದೇ ದನಿ. ಸ್ಪಷ್ಟವಾಗಿ, ದಪ್ಪವಾಗಿ.

"ಏ ಅನಿಲ್ಯಾ, ಡಗ್ಗಾ ಸಣ್ಣಗ ಬಾರ್ಸೋ. ಮಾಲಕ ಖೋಲಿ ಖಾಲಿ ಮಾಡಸ್ತಾನ."

ಹಿಂದೆಯೇ ಒಂದು ನಗು. "ಆತಪ್ಪಾ. ಟಾವೆಲ್ ಹಾಕೇ ಬಾರಸ್ತೀನಿ, ತಗೋ." ಆಮೇಲೆ ತಾಳ, ಭಜನೆ.

ಗಣಪತಿ ಬಂದರೆ ತನ್ನ ಅಂಗಳದಲ್ಲೇ ಆಳೆತ್ತರದ ಡಿಜೆ ಪೇರಿಸಿ ಇಡೀ ಓಣಿಯ ಗೋಡೆ ನಡುಗಿಸುವವನು ಆ ಮನೆ ಮಾಲಕ. ಅವನನ್ನು ಯಾರೂ ಖಾಲಿ ಮಾಡಿಸಲಿಲ್ಲ. ಚೀಲ ಹೊರುವವರು ವಾರಕ್ಕೊಮ್ಮೆ ದೇವರ ಹೆಸರು ಹೇಳಿದರೆ ಅದು ಗಲಾಟೆ. ಹೀಗಾಗಿ ಮಗನ ಡಗ್ಗಾದ ಮೇಲೆ ಅಪ್ಪನ ಬಾಯಿಂದಲೇ ಟವೆಲ್ಲು ಬಿತ್ತು. ಈ ಊರಿನ ಕೈಚಳಕವೇ ಅದು. ತಾನು ಹೇಳುವುದನ್ನು ಬಡವನ ಬಾಯಿಂದಲೇ ಹೇಳಿಸುತ್ತದೆ.

ಸೈದಪ್ಪ ನನ್ನ ಕಡೆ ತಿರುಗಿ, "ನನ್ನ ಮಾತು ಒಂದ್ಸಲಾನೂ ಮೀರ್ಲಿಲ್ರೀ ಅಂವ" ಎಂದ. "ಮೀರಬೇಕಿತ್ತು."

ಮತ್ತೆ ಜಯಶೀಲನನ್ನು ಕೇಳಿದ: "ನನ್ನ ದನಿ ತೆಗೆದು ಬರೇ ಅವನ 'ಆತಪ್ಪಾ' ಅಷ್ಟೇ ಇಡಾಕ ಬರ್ತದೇನ್ರಿ?"

"ಬರ್ತದೆ, ಅದೇನು ದೊಡ್ಡ ಕೆಲಸ ಅಲ್ಲ."

ಚಂದ್ರಬಾಯಿ ತೊಡೆಯ ಮೇಲಿನ ಕೌದಿಯಿಂದ ಕೈ ತೆಗೆಯದೆ ಹೇಳಿದಳು:

"ಬ್ಯಾಡ್ರಿ. ನೀವು ಕರೀದಿದ್ರ ಅಂವ ಯಾರಿಗ್ ಓ ಅಂದಾನ?"