ಮನೆಶಾಲೆಯ ಮೊದಲ ಪ್ರಾರ್ಥನೆ

ನನ್ನ ಮಗಳನ್ನು ಶಾಲೆ ಬಿಡಿಸಿದ್ದು ಓದಿನ ಮೇಲಿನ ಪ್ರೀತಿಯಿಂದಲ್ಲ, ಒಬ್ಬ ಹೆಂಗಸಿನ ಮೇಲಿನ ಸಿಟ್ಟಿನಿಂದ. ಹಾಗೆಂದು ಹೇಳಲು ನನಗೆ ನಾಚಿಕೆಯೇನೂ ಇಲ್ಲ. ಆಕೆ ಹೊಸಪೇಟೆಯಲ್ಲಿ ಮಗಳು ಓದುತ್ತಿದ್ದ ಇಂಗ್ಲಿಷ್ ಮೀಡಿಯಂ ಶಾಲೆಯ ಹೆಡ್‌ಮಿಸ್ಟ್ರೆಸ್. ನಾವು ಹೋಗುತ್ತಿದ್ದ ಚರ್ಚಿನಲ್ಲೇ ಪ್ರತಿ ಭಾನುವಾರ ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡುತ್ತಿದ್ದವಳು. ಎದುರಿಗೆ ಸಿಕ್ಕರೆ ಮೇಡಂ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಏನೆನ್ನುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಅದು ಗಣಿಯ ಅಬ್ಬರದ ಕಾಲ. ನನ್ನ ಗಂಡ ಸಂಡೂರಿನ ಗಣಿಯೊಂದರಲ್ಲಿ ಲಾರಿಗೆ ಅದಿರು ತುಂಬುವ ಲೋಡರ್ ಓಡಿಸುತ್ತಿದ್ದರು. ನಮ್ಮ ಬಾಡಿಗೆ ಮನೆ ಮರಿಯಮ್ಮನಹಳ್ಳಿ ಕಡೆಯ ರಸ್ತೆಗೆ ಮುಖ ಮಾಡಿತ್ತು. ಆ ರಸ್ತೆಯಲ್ಲಿ ಅದಿರು ಲಾರಿಗಳ ಓಡಾಟ ನಿಂತದ್ದೇ ಇಲ್ಲ. ಬಾಗಿಲು ಹಾಕಿದರೂ ಉಣ್ಣುವ ತಟ್ಟೆಯ ಅಂಚಿಗೆ ಕೆಂಪು ಧೂಳು ಬಂದು ಕೂರುತ್ತಿತ್ತು. ಬುಧವಾರ, ಶನಿವಾರ ಮಕ್ಕಳಿಗೆ ಬಿಳಿ ಯೂನಿಫಾರ್ಮ್. ಒಗೆದು, ನೀಲಿ ಹಾಕಿ, ಅಡುಗೆಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸಿ, ಇಸ್ತ್ರಿ ಮಾಡಿ ತೊಡಿಸಿದರೂ, ಆಟೋ ಹತ್ತುವಷ್ಟರಲ್ಲಿ ಲಂಗ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು.

ಮಗಳ ಮೂರನೇ ಕ್ಲಾಸು ಮುಗಿಯುವ ಹೊತ್ತಿಗೆ, ಒಂದು ಶನಿವಾರ, ಮೇಡಂ ಅವಳನ್ನು ಸಾಲಿನಿಂದ ಎಳೆದು ಗೇಟಿನ ಹತ್ತಿರ ವಾಚ್‌ಮನ್ ಪಕ್ಕ ನಿಲ್ಲಿಸಿದಳು. ಹೇಳಿ ಕಳಿಸಿದರೆಂದು ಕರೆದುಕೊಂಡು ಬರಲು ಹೋದ ನನಗೆ ಎಲ್ಲ ಟೀಚರುಗಳ ಮುಂದೆ ಹೇಳಿದಳು: "ನಿಮ್ಮನ್ಯಾಗ ಸೋಪ್ ಇಲ್ಲೇನ್ರಿ? ಇಷ್ಟು ಹೊಲಸು ಕೂಸನ್ನ ಬ್ಯಾರೆ ಮಕ್ಳ ಪಕ್ಕ ಹ್ಯಾಂಗ ಕುಂದ್ರಸ್ಬೇಕು?"

ಆ ಧೂಳೆಬ್ಬಿಸುತ್ತಿದ್ದ ಲಾರಿಗಳಲ್ಲಿ ಕೆಲವು ಅವಳ ಗಂಡನವೇ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ನಮ್ಮ ರಸ್ತೆಗೆ ಮಣ್ಣು ಸುರಿದು ಬಂದ ದುಡ್ಡಿನಲ್ಲಿ ಅವಳು ರೇಷ್ಮೆ ಉಟ್ಟು ನನ್ನ ಮಗಳಿಗೆ ಹೊಲಸು ಎಂದಳು. ಆ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ.

ಬೇಸಿಗೆ ರಜೆಗೆ ಮುಂಚೆ ಹಂಪಿ ನೋಡಲು ಬಂದ ಒಂದು ವಿದೇಶಿ ಕುಟುಂಬ ನಮ್ಮ ಚರ್ಚಿಗೂ ಬಂದಿತ್ತು. ಅವರ ಮಕ್ಕಳು ಶಾಲೆಯ ಮೆಟ್ಟಿಲನ್ನೇ ತುಳಿದಿಲ್ಲವಂತೆ. ತಾಯಿಯೇ ಮನೆಯಲ್ಲಿ ಪ್ರಾರ್ಥನೆ ಮಾಡಿ ಪಾಠ ಹೇಳುತ್ತಾಳಂತೆ. ಪಾಸ್ಟರ್ ಅದನ್ನು ಹೊಗಳಿದ್ದೇ ತಡ, ನನಗೆ ದಾರಿ ಸಿಕ್ಕಿತು. ನಾನೂ ಕಂಪ್ಲಿಯ ತವರಿನಲ್ಲಿದ್ದಾಗಲೇ ಟಿ.ಸಿ.ಎಚ್. ಶಿಕ್ಷಕಿ ತರಬೇತಿ ಮುಗಿಸಿದವಳು. ಆ ಶಾಲೆಯ ಮಕ್ಕಳೆಲ್ಲ ಬಾಯಿ ಬಿಟ್ಟು ನೋಡುವಂತೆ ಇವಳನ್ನು ಓದಿಸಬೇಕು, ಅದು ಮೇಡಂ ಕೆನ್ನೆಗೆ ಬಾರಿಸಿದಂತಿರಬೇಕು ಎಂದುಕೊಂಡೆ.

"ನಾ ಹೋಗಿ ಒಂದ್ ಮಾತು ಹೇಳಿ ಬರ್ತೀನಿ ಬಿಡು. ಕೂಸಿಗೆ ಗೆಳತ್ಯಾರು ಬೇಕಲ್ಲ," ಎಂದರು ನನ್ನ ಗಂಡ.

"ನೀವು ಸುಮ್ಕ ಕುಂದ್ರಿ," ಎಂದೆ.

ಜೂನ್ ಬಂತು. ನಾಲ್ಕನೇ ಕ್ಲಾಸಿನ ಪುಸ್ತಕಗಳಿಗೆ ಬೈಂಡ್ ಹಾಕಿದೆ, ಗೋಡೆಗೆ ಟೈಂಟೇಬಲ್ ಅಂಟಿಸಿದೆ, ನಡುಮನೆಯಲ್ಲಿ ಚಾಪೆ ಹಾಸಿದೆ. ಮೊದಲ ದಿನ ಮಗಳು ತಾನಾಗಿ ಶಾಲೆಯ ಟೈ ಕಟ್ಟಿಕೊಂಡು ಬಂದು ಕೂತಳು. ಬಿಚ್ಚಿಸಿದೆ. ಬೆಳಿಗ್ಗೆ ಶಾಲೆಯ ಆಟೋ ಹೋಗುವ ಹೊತ್ತಿಗೆ ಅವಳು ಕಿಟಕಿಯಲ್ಲೇ ಇರುತ್ತಿದ್ದಳು.

"ಮಮ್ಮಿ, ಇಂಟರ್‌ವಲ್‌ನ್ಯಾಗ ನಾ ಯಾರ್ ಕೂಡ ಆಡ್ಲಿ?" ಎಂದು ಕೇಳಿದಳು.

"ಮಗ್ಗಿ ಬರಿ," ಎಂದೆ.

ನಮ್ಮಲ್ಲಿ ಹೊಸದೇನನ್ನು ಶುರು ಮಾಡಿದರೂ ಚರ್ಚಿನ ಸಭೆಯವರನ್ನು ಕರೆದು ಮನೆಯಲ್ಲಿ ಪ್ರಾರ್ಥನೆ ಇಡುವುದು ರೂಢಿ. ಎಲ್ಲರೂ ಕಣ್ಣು ಮುಚ್ಚುತ್ತಾರೆ, ಒಬ್ಬೊಬ್ಬರಾಗಿ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಏಕೆಂದರೆ ಅವರು ಮಾತಾಡುತ್ತಿರುವುದು ದೇವರ ಜೊತೆ. ಮುಗಿದ ಮೇಲೆ ಉಳಿದವರೆಲ್ಲ ಆಮೆನ್, ಅಂದರೆ ಹಾಗೆಯೇ ಆಗಲಿ, ಎನ್ನಲೇಬೇಕು. ಒಬ್ಬರನ್ನು ಬೈಯಲು ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೇಡಂ ಮನೆಗೆ ನಾನೇ ಹೋಗಿ, ನಗುನಗುತ್ತಾ ಕರೆದು ಬಂದೆ.

ಭಾನುವಾರ ಸಂಜೆ ನಡುಮನೆ ತುಂಬಿತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಸಿದ್ಧವಿದ್ದವು. ಪಾಸ್ಟರ್ ಮುಗಿಸಿದ ಮೇಲೆ ನನ್ನ ಸರದಿ. ಚರ್ಚಿನ ಭಾಷೆಯಲ್ಲಿ, ದನಿಗೆ ಸಾಕಷ್ಟು ಕಣ್ಣೀರು ಬೆರೆಸಿ ಶುರು ಮಾಡಿದೆ.

"ಕರ್ತನೇ, ಕೆಲವರು ಮಕ್ಕಳ ಬಟ್ಟೆಯ ಮೇಲಿನ ಧೂಳನ್ನು ನೋಡುತ್ತಾರೆ, ಅದು ಯಾರ ಗಾಲಿಯಿಂದ ಎದ್ದಿತೆಂದು ನೋಡುವುದಿಲ್ಲ. ಅವರ ಕಣ್ಣು ತೆರೆಸು. ನಿನ್ನನ್ನು ಹಾಡುವ ಬಾಯಿಂದಲೇ ನಿನ್ನ ಕೂಸಿಗೆ ಹೊಲಸು ಎಂದವರನ್ನು ನಾನು ಕ್ಷಮಿಸುತ್ತೇನೆ."

ಕ್ಷಮಿಸುತ್ತೇನೆ ಎನ್ನುವುದು ಎಷ್ಟು ರುಚಿಯಾಗಿತ್ತೆಂದರೆ ಇನ್ನೊಮ್ಮೆ ಹೇಳಿದೆ. ಒಂದು ಕಣ್ಣು ತೆರೆದು ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಡಂ ಸೆರಗೆಳೆದುಕೊಂಡು ಬೆವರುತ್ತಿದ್ದಳು. ನಾನು ಮುಗಿಸಿದಾಗ ಎಲ್ಲರ ಜೊತೆ ಅವಳೂ ಆಮೆನ್ ಎನ್ನಬೇಕಾಯಿತು. ಸಣ್ಣ ದನಿಯಲ್ಲಿ ಎಂದಳು, ಆದರೂ ನನಗೆ ಕೇಳಿಸಿತು. ಅಷ್ಟು ಸುಖ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

"ಇನ್ನ ಕೂಸು ಪ್ರಾರ್ಥನಾ ಮಾಡ್ಲಿ," ಎಂದರು ಪಾಸ್ಟರ್.

ಮಗಳು ಕೈ ಜೋಡಿಸಿದಳು. "ಯೇಸಪ್ಪಾ, ಮಮ್ಮಿ ಸಿಟ್ಟು ಹೋಗ್ಲಿ. ನನ್ನ ಮತ್ತ ಸಾಲಿಗೆ ಕಳಸ್ಲಿ. ನನ್ ಬೆಂಚಿನ ಜಾಗ ಯಾರಿಗೂ ಕೊಡಬ್ಯಾಡ್ರಿ ಅಂತ ಮೇಡಂಗ ಹೇಳು. ಲಂಗಕ್ಕ ಧೂಳು ಹತ್ತದಂಗ ನಾ ನೋಡ್ಕಂತೀನಿ. ಆಮೆನ್."

ಆಮೆನ್ ಎಂದಿತು ಇಡೀ ಮನೆ. ಎಲ್ಲರಿಗಿಂತ ಎತ್ತರದಲ್ಲಿ ಕೇಳಿದ್ದು ಮೇಡಂ ದನಿ. ನನ್ನ ಗಂಡನೂ ಎಂದರು. ನನ್ನ ಬಾಯಿಂದ ಮಾತ್ರ ಅದು ಹೊರಡಲಿಲ್ಲ. ಹಲ್ಲು ಕಚ್ಚಿ ಕೂತಿದ್ದೆ.

ಹೊರಡುವಾಗ ಮೇಡಂ ಬಾಗಿಲಲ್ಲಿ ನಿಂತಳು. "ನಾಳೆ ಕಳಸ್ರಿ. ಕೂಸಿನ ಜಾಗ ಹಂಗಾ ಐತಿ." ಅಂದು ಆಡಿದ ಮಾತಿಗೆ ತಪ್ಪಾಯಿತು ಎನ್ನುತ್ತಾಳೇನೋ ಎಂದು ಕಾದೆ. ಎನ್ನಲಿಲ್ಲ.

"ಬ್ಯಾಡ್ರಿ ಮೇಡಂ. ನಮ್ ಕೂಸು ಮನ್ಯಾಗಾ ಓದ್ತತಿ," ಎಂದೆ. ಅವಳ ಮುಖ ಬಿದ್ದುಹೋಯಿತು. ಮಗಳ ಮುಖವನ್ನು ನಾನು ನೋಡಲಿಲ್ಲ.

ಸೋಮವಾರ ಆಟೋ ಬಂದು ಹೋಯಿತು. ಮಗಳು ಕಿಟಕಿಗೆ ಹೋಗಲಿಲ್ಲ. ಹೇಳುವ ಮುಂಚೆಯೇ ಚಾಪೆಯ ಮೇಲೆ ಕೂತು ಗಣಿತದ ಪುಸ್ತಕ ತೆರೆದಿದ್ದಳು. ಪಾಠಕ್ಕೆ ಮುಂಚೆ ಪ್ರಾರ್ಥಿಸುವುದು ಅವಳ ಪಾಲಿನ ಕೆಲಸವಾಗಿತ್ತು.

"ಹೂಂ, ಶುರು ಮಾಡು," ಎಂದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಅವಳು ನನ್ನನ್ನೇ ನೋಡುತ್ತಿದ್ದಳು.

"ನೀನಾ ಮಾಡು ಮಮ್ಮಿ," ಎಂದಳು. "ನಾ ಮಾಡಿದ್ರ ನೀ ಆಮೆನ್ ಅನ್ನಂಗಿಲ್ಲ."