ಗುಣಪಾಲನಿಗೆ ಒತ್ತಕ್ಷರ ಆಗುವುದಿಲ್ಲ

ಕಾಪು ಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದ ಗುಣಪಾಲನನ್ನು ನಾನು ಬಹಳ ದಿನ ದೊಡ್ಡ ಕನ್ನಡಾಭಿಮಾನಿ ಎಂದೇ ತಿಳಿದಿದ್ದೆ. ‘ಸ್ಟೋರ್ಸ್’ ಬರೆಯಿರಿ ಎಂದವರಿಗೆಲ್ಲ ಅವನು ‘ಅಂಗಡಿ’ ಎಂದು ಬರೆದುಕೊಡುತ್ತಿದ್ದ. ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನನಗೆ ಅಷ್ಟು ಸಾಕಾಯಿತು. ರಾಜ್ಯೋತ್ಸವದ ದಿನ ಅವನಿಗೆ ಹಾರ ಹಾಕಿಸಿ ಭಾಷಣವನ್ನೂ ಬಿಗಿದೆ. ಬೇಸ್ತು ಬಿದ್ದದ್ದು ಆಮೇಲೆ ಗೊತ್ತಾಯಿತು.

ವಿಷಯ ಇಷ್ಟೇ. ಹಳೆಯ ಇಂಗ್ಲಿಷ್ ಬಿಸ್ಕತ್ತಿನ ಡಬ್ಬಿಯೊಂದರ ಮುಚ್ಚಳ ನೋಡಿ ಗುಣಪಾಲ ಒಂದು ಅಕ್ಷರದ ಮಾದರಿ ಕಲಿತು, ಅದನ್ನು ಕನ್ನಡಕ್ಕೆ ಇಳಿಸಿದ್ದ. ಹೊಟ್ಟೆ ದಪ್ಪ, ಸೊಂಟ ಸಪೂರ, ಬುಡದಲ್ಲಿ ಸುರುಳಿ ಸುತ್ತಿದ ಎರಡು ಪಾದ. ಕೆಂಪು ಬಣ್ಣ, ಹಳದಿ ನೆರಳು. ಓಡುವ ಬಸ್ಸಿನಲ್ಲಿ ಕೂತವನಿಗೂ ಕಾಣಬೇಕು, ಇಳಿದು ಬರೋಣ ಅನಿಸಬೇಕು. ಉಡುಪಿಯ ಸೋಡಾ ಅಂಗಡಿ, ಮಣಿಪಾಲದ ಸೆಲೂನು, ಕಾಪುವಿನ ದೋಣಿ, ಎಲ್ಲ ಕಡೆ ಆ ಅಕ್ಷರಗಳು ಮದುವೆಗೆ ಹೊರಟವರ ಹಾಗೆ ಮೆರೆದವು. ಆದರೆ ಪಾದ ಇರುವಲ್ಲೇ ಕನ್ನಡದ ಒತ್ತೂ ಬರಬೇಕಲ್ಲ. ಇಂಗ್ಲಿಷಿಗೆ ಆ ತಾಪತ್ರಯ ಇಲ್ಲ. ಹಾಗಾಗಿ ಗುಣಪಾಲ ಒತ್ತು ಇರುವ ಪದಗಳನ್ನೇ ಕೈಬಿಟ್ಟಿದ್ದ. ‘ಬಟ್ಟೆ’ ಹೋಗಿ ‘ಜವಳಿ’ ಆಯಿತು. ‘ಶ್ರೀ’ ಬರೆಯದ್ದಕ್ಕೆ ಕೆಲವರು ಅವನನ್ನು ನಾಸ್ತಿಕ ಎಂದರು. ಕಾರ್ಕಳಕ್ಕೆ ಮಾತ್ರ ಮಾಫಿ. ಅದರ ಅರ್ಕಾವೊತ್ತು ಪಕ್ಕದಲ್ಲಿ ತೆಪ್ಪಗೆ ಕೂರುತ್ತದೆ.

ಎಂಬತ್ತೊಂದರಲ್ಲಿ ನಮ್ಮ ಪೇಟೆಯವನೇ ಆದ ಪುತ್ತುಬ್ಬ ದುಬೈಯಿಂದ ಬಂದು ಜವಳಿ ಅಂಗಡಿ ತೆರೆದ. ಬೀಡಿ ಕಟ್ಟಿ ಒಬ್ಬಳೇ ತನ್ನನ್ನು ಸಾಕಿದ ತಾಯಿಯ ಹೆಸರೇ ಬೋರ್ಡಿನಲ್ಲಿ ಇರಬೇಕು ಎಂದ. ರುಕಿಯಮ್ಮ. ಆ ಹೆಸರನ್ನು ಅಲ್ಲಿಯವರೆಗೆ ಯಾರೂ ಎಲ್ಲೂ ದೊಡ್ಡದಾಗಿ ಬರೆದಿರಲಿಲ್ಲ. ಗುಣಪಾಲನಿಗೆ ಕೊನೆಯ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡಿತು. ‘ರುಕಿಯಾ’ ಅಂತ ಮಾಡುವ, ಚಂದ ಉಂಟು ಎಂದು ಪುಸಲಾಯಿಸಿದ.

“ಚಂದ ಇರಬಹುದು ಗುಣಪಾಲಣ್ಣ,” ಎಂದ ಪುತ್ತುಬ್ಬ. “ಆದರೆ ಅದರಲ್ಲಿ ಅಮ್ಮ ಇಲ್ಲವಲ್ಲ.”

ಗುಣಪಾಲ ‘ರುಕಿಯ’ದವರೆಗೆ ಬರೆದು ಕುಂಚ ಕೆಳಗಿಟ್ಟ. ನಾಲ್ಕು ದಿನ ಆ ಬೋರ್ಡು ಮೂರೇ ಅಕ್ಷರ ಹೊತ್ತು ಅವನ ಜಗಲಿಗೆ ಒರಗಿತ್ತು. ಪಾದ ತೆಗೆದರೆ ತನ್ನ ಕೈಯ ಗುರುತೇ ಹೋಗುತ್ತದೆ ಎಂದು ನನ್ನ ಹತ್ತಿರ ಗೊಣಗಿದ. ಹಾರ ಹಾಕಿ ಮೋಸಹೋದ ಸಿಟ್ಟು ನನ್ನಲ್ಲಿ ಇನ್ನೂ ಇತ್ತು. ಅಮ್ಮನಿಗಿಂತ ನಿನ್ನ ಪಾದ ದೊಡ್ಡದೋ ಎಂದು ಕೇಳಿಯೇಬಿಟ್ಟೆ. ಕೇಳಿದ ಮೇಲೆ ಪಾಪ ಅನಿಸಿತು. ಇಪ್ಪತ್ತು ವರ್ಷ ಅವನು ಸಂಪಾದಿಸಿದ್ದು ಆ ಪಾದಗಳನ್ನೇ.

ಐದನೆಯ ದಿನ ಬೋರ್ಡು ಮೇಲೇರಿತು. ಓದಲು ಬಾರದ ರುಕಿಯಮ್ಮ ಕೆಳಗೆ ನಿಂತು ಬಹಳ ಹೊತ್ತು ನೋಡಿದರು. ಬೇರೆಯವಕ್ಕೆಲ್ಲ ಕಾಲು ಉಂಟು, ಕೊನೆಯದಕ್ಕೆ ಯಾಕಿಲ್ಲ, ಅದರ ಬುಡದಲ್ಲಿ ಚಿಕ್ಕದೊಂದು ಎಂತ ಎಂದು ಕೇಳಿದರು.

“ಅದು ನಿಮ್ಮ ಪುತ್ತುಬ್ಬ,” ಎಂದ ಗುಣಪಾಲ. “ಅವನು ಕೂರಲಿ ಅಂತ ಜಾಗ ಬಿಟ್ಟದ್ದು.”